ಮುಟ್ಟು ಸರಿಯಿಲ್ಲ, ಎದೆ ಡವಗುಟ್ಟುತ್ತೆ, ಮುಖ ಉರಿಯುತ್ತೆ: ಯಾರ ಹತ್ತಿರ ಹೋಗೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂವರೂ ಇಪ್ಪತ್ತೊಂದು ಮೀರದವರು. ತಮಗೇನು ತೊಂದರೆ ಅಂತ ಮೂವರಿಗೂ ಸುಮಾರಾಗಿ ಗೊತ್ತಿದೆ, ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದಾರೆ. ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಏನಾಗುತ್ತೋ ಅನ್ನೋದೇ ಹೆದರಿಕೆ. ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಪ್ರಶ್ನೆ: ನನಗೆ 18 ವರ್ಷ. ಬಿಎಸ್ಸಿ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಮೂರು ತಿಂಗಳಾದರೂ ಪೀರಿಯಡ್ಸ್ ಆಗುವುದಿಲ್ಲ. ಆದಾಗ ಹತ್ತು ಹನ್ನೆರಡು ದಿನ ನಿಲ್ಲುವುದಿಲ್ಲ. ಗದ್ದದ ಮೇಲೆ ಕೂದಲು ಬರುತ್ತಿದೆ. ಕಾಲೇಜಿನ ಕ್ಯಾಂಪಿನಲ್ಲಿ ಹಿಮೋಗ್ಲೋಬಿನ್ 9.2 ಇದೆ ಅಂದರು. ಅಮ್ಮ "ಮದುವೆಗೆ ಮುಂಚೆ ಹೆರಿಗೆ ಡಾಕ್ಟರ್ ಹತ್ತಿರ ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ" ಅನ್ನುತ್ತಾರೆ. ಒಳಗೆಲ್ಲ ಪರೀಕ್ಷೆ ಮಾಡ್ತಾರಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣಮ್ಮ, ನಿಮ್ಮನ್ನು ತಡೆದಿರೋದು ಅದೇ ಅಲ್ವಾ? ನಿಮ್ಮ ವಯಸ್ಸಿನ ಹುಡುಗಿಯರಿಗೆ ಈ ತೊಂದರೆಗೆ ಸಾಮಾನ್ಯವಾಗಿ ಒಳಗಿನ ಪರೀಕ್ಷೆ ಮಾಡೋದಿಲ್ಲ. ಸ್ಕ್ಯಾನಿಂಗ್ ಬೇಕು ಅನ್ನಿಸಿದರೂ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ. ಹೋಗುವ ಮುಂಚೆ ಚೆನ್ನಾಗಿ ನೀರು ಕುಡಿಸಿ, ಮೂತ್ರ ತುಂಬೋವರೆಗೂ ಕಾಯಿಸುತ್ತಾರೆ. ಆಮೇಲೆ ಕಿಬ್ಬೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಆಡಿಸುತ್ತಾರೆ. ನೋವಿಲ್ಲ. ಮೂತ್ರ ತಡೆದುಕೊಂಡು ಸರದಿಗೆ ಕಾಯೋದೇ ಅದರಲ್ಲಿ ದೊಡ್ಡ ಕಷ್ಟ.

ಅದಕ್ಕೆ ಮುಂಚೆ ಮಾತು. ಮೊದಲ ಸಲ ಮುಟ್ಟಾಗಿದ್ದು ಯಾವ ವಯಸ್ಸಿನಲ್ಲಿ, ಕಳೆದ ಸಲ ಯಾವ ತಾರೀಖು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತೆ, ಇತ್ತೀಚೆಗೆ ತೂಕ ಏರಿದೆಯಾ, ಮನೆಯಲ್ಲಿ ಯಾರಿಗಾದರೂ ಶುಗರ್ ಅಥವಾ ಥೈರಾಯ್ಡ್ ಇದೆಯಾ ಅಂತ ಕೇಳುತ್ತಾರೆ. ಕಳೆದ ಕೆಲವು ತಿಂಗಳ ತಾರೀಖುಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋಗಿ, ಅರ್ಧ ಕೆಲಸ ಮುಗಿದ ಹಾಗೆ. ಬಿಪಿ, ತೂಕ ನೋಡಿ, ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿದೆಯಾ ಅಂತಲೂ ನೋಡುತ್ತಾರೆ. ಸಂಬಂಧ ಏನಾದರೂ ಇದೆಯಾ ಅಂತ ಕೇಳಬಹುದು, ಪ್ರೆಗ್ನೆನ್ಸಿ ಟೆಸ್ಟನ್ನೂ ಬರೆಯಬಹುದು. ಮುಟ್ಟು ನಿಂತವರಿಗೆಲ್ಲ ಕೇಳೋದು, ಬರೆಯೋದು ಅದೇ, ನಿಮ್ಮ ಮೇಲೆ ಅನುಮಾನ ಅಂತಲ್ಲ. ಅಮ್ಮನ ಮುಂದೆ ಹೇಳೋಕೆ ಆಗದ್ದು ಏನಾದರೂ ಇದ್ದರೆ "ಡಾಕ್ಟ್ರೇ, ಒಂದೈದು ನಿಮಿಷ ನಾನೊಬ್ಬಳೇ ಮಾತಾಡಬೇಕು" ಅನ್ನಿ. ಅದರಲ್ಲಿ ತಪ್ಪೇನಿಲ್ಲ.

ಆಮೇಲೆ ರಕ್ತಪರೀಕ್ಷೆ: ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರಾನ್, ಶುಗರ್, ಹಿಮೋಗ್ಲೋಬಿನ್. ನೀವು ಬರೆದದ್ದು ನೋಡಿದರೆ ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ, ಇರಬಹುದು. ಜನ ಪಿಸಿಒಡಿ ಅನ್ನೋದೂ ಇದನ್ನೇ. ಆದರೆ ಒಂದು ಮಾತು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಪಾಲಿಸಿಸ್ಟಿಕ್" (ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು) ಅಂತ ಬಂದ ಮಾತ್ರಕ್ಕೆ ಕಾಯಿಲೆ ಅಂದುಕೊಳ್ಳಬೇಡಿ. ಮುಟ್ಟು ಶುರುವಾಗಿ ಎಂಟು ವರ್ಷ ತುಂಬುವವರೆಗೆ ಬರೀ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ ಅನ್ನಬಾರದು ಅಂತಲೇ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ, ಯಾಕೆಂದರೆ ಈ ವಯಸ್ಸಿನಲ್ಲಿ ಏನೂ ತೊಂದರೆ ಇಲ್ಲದವರ ಅಂಡಾಶಯವೂ ಹಾಗೇ ಕಾಣಬಹುದು. ನಿಮ್ಮ ವಿಷಯದಲ್ಲಿ ಮುಟ್ಟಿನ ಏರುಪೇರು ಮತ್ತು ಗದ್ದದ ಕೂದಲು ಸ್ಕ್ಯಾನಿಂಗ್‌ಗಿಂತ ಜಾಸ್ತಿ ಹೇಳುತ್ತವೆ. ಪಿಸಿಒಎಸ್ ಅಂತಲೇ ಆದರೂ "ಮಕ್ಕಳಾಗಲ್ಲ" ಅಂತ ಅಳಬೇಡಿ. ಇದ್ದವರಲ್ಲಿ ಬಹುಪಾಲು ಜನಕ್ಕೆ ಮಕ್ಕಳಾಗುತ್ತವೆ.

ಈಗ ಆ 9.2. ಹುಡುಗಿಯರಿಗೆ ಕನಿಷ್ಠ 12 ಇರಬೇಕು. ಹತ್ತು ಹನ್ನೆರಡು ದಿನ ಸುರಿದರೆ ಇನ್ನೇನಾಗುತ್ತೆ? 10ರಿಂದ 19 ವರ್ಷದವರಿಗೆ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ರಕ್ತ ಕಡಿಮೆಯಾಗದಂತೆ ತಡೆಯೋಕೆ. ಇಷ್ಟು ಇಳಿದ ಮೇಲೆ ಅದು ಸಾಲದು, ದಿನಾ ತಗೊಳ್ಳಬೇಕು, ಕೆಲವು ತಿಂಗಳು. ಎಷ್ಟು ಅಂತ ಡಾಕ್ಟರ್ ಬರೆಯುತ್ತಾರೆ. ಮಲ ಕಪ್ಪಗೆ ಹೋಗುತ್ತೆ, ಗಾಬರಿ ಬೇಡ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದಮೇಲೆ ತಗೊಳ್ಳಿ. ಮಾತ್ರೆಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ ಟೀ ಬೇಡ, ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಗಂಟೆಗೊಂದು ಪ್ಯಾಡ್ ತುಂಬಿ ಹೋಗುವಷ್ಟು ರಕ್ತ ಹೋದರೆ ಅಥವಾ ಎದ್ದು ನಿಂತರೆ ತಲೆ ಸುತ್ತಿದರೆ ಒಪಿಡಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಎಲ್ಲಿಗೆ ಹೋಗೋದು? ಕೇಂದ್ರ ಸರ್ಕಾರ 2014ರಲ್ಲಿ ಹದಿಹರೆಯದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಅದರ ಅಡಿಯಲ್ಲಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತೆ. ಎಲ್ಲ ಕಡೆ ಒಂದೇ ಥರ ನಡೆಯುತ್ತೆ ಅಂತ ನಾನು ಹೇಳಲ್ಲ. ನಿಮ್ಮ ಊರಲ್ಲಿ ಬರೀ ಬೋರ್ಡು ಕಂಡರೆ ನೇರವಾಗಿ ತಾಲ್ಲೂಕು ಆಸ್ಪತ್ರೆಯ ಲೇಡಿ ಡಾಕ್ಟರ್ ಹತ್ತಿರ ಚೀಟಿ ಮಾಡಿಸಿ. ಅಮ್ಮನಿಗೆ "ರಕ್ತ ಕಡಿಮೆ ಇದೆ, ತೋರಿಸಬೇಕು" ಅನ್ನಿ. ಅದು ಸುಳ್ಳೂ ಅಲ್ಲ.

ಪ್ರಶ್ನೆ: 21 ವರ್ಷ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತೆ, ಉಸಿರು ಸಾಲಲ್ಲ, ಬೆರಳು ಜುಮುಜುಮು ಅನ್ನುತ್ತೆ, ಸತ್ತೇ ಹೋಗ್ತೀನಿ ಅನ್ನಿಸುತ್ತೆ. ಎರಡು ಸಲ ಇಸಿಜಿ ಮಾಡಿಸಿದೆ, ನಾರ್ಮಲ್. ಸೈಕಿಯಾಟ್ರಿಸ್ಟ್ ಹತ್ತಿರ ಹೋಗು ಅಂದರು. ಹೋದರೆ ಕ್ಯಾಂಪಸ್ ಕೆಲಸಕ್ಕೆ ತೊಂದರೆ ಆಗುತ್ತಾ? ಮನೆಗೆ ಹೇಳ್ತಾರಾ?

ಉತ್ತರ: ನೀವು ಹೇಳ್ತಿರೋದು ಪ್ಯಾನಿಕ್ ಅಟ್ಯಾಕ್ ಥರ ಇದೆ. ಕೆಲವೇ ನಿಮಿಷದಲ್ಲಿ ತುದಿಗೇರುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ. ಸಾಯ್ತೀನಿ ಅನ್ನಿಸುತ್ತೆ, ಆದರೆ ಅದರಿಂದ ಸಾಯಲ್ಲ. ಉಸಿರು ಸಾಲಲ್ಲ ಅಂತ ಜೋರಾಗಿ ಎಳೆದುಕೊಂಡಷ್ಟೂ ಬೆರಳಿನ ಜುಮುಜುಮು ಜಾಸ್ತಿಯಾಗುತ್ತೆ. ಅದಕ್ಕೆ ಉಸಿರು ಬಿಡೋದನ್ನು ನಿಧಾನ ಮಾಡಿ. ಥೈರಾಯ್ಡ್ ಒಂದು ನೋಡಿಸಿ. ದಿನಕ್ಕೆ ಎಷ್ಟು ಕಾಫಿ, ಎಷ್ಟು ಎನರ್ಜಿ ಡ್ರಿಂಕ್ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ.

ಮನೆಯವರ ವಿಷಯ. ನಿಮಗೆ 18 ದಾಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡೋದು ನಿಮ್ಮ ಹಕ್ಕು. ನೀವು ಒಪ್ಪದೆ ಡಾಕ್ಟರ್ ನಿಮ್ಮಪ್ಪನಿಗೆ ಫೋನ್ ಮಾಡೋ ಹಾಗಿಲ್ಲ, ಕಂಪನಿಗೂ ಹೇಳೋ ಹಾಗಿಲ್ಲ. ಜೀವಕ್ಕೇ ಅಪಾಯ ಅನ್ನೋ ಸಂದರ್ಭದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಮೊದಲ ಭೇಟಿಯಲ್ಲಿ ಮುಕ್ಕಾಲು ಪಾಲು ಮಾತೇ ಇರುತ್ತೆ. ಶಾಕ್ ಗೀಕ್ ಅಂತ ಸಿನಿಮಾದಲ್ಲಿ ತೋರಿಸೋದೆಲ್ಲ ಇದಕ್ಕಲ್ಲ. ಮಾತಿನ ಚಿಕಿತ್ಸೆಯಲ್ಲೇ ಅನೇಕರಿಗೆ ಗುಣವಾಗುತ್ತೆ. ಮಾತ್ರೆ ಕೊಟ್ಟರೆ ಅದು ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಆರನೇ ದಿನಕ್ಕೇ "ಏನೂ ಆಗ್ತಿಲ್ಲ" ಅಂತ ಬಿಟ್ಟುಬಿಡಬೇಡಿ. ರೂಮ್‌ಮೇಟ್ ಕೊಡೋ ಆಲ್ಪ್ರಜೋಲಮ್ ಅನ್ನೋ ಆತಂಕದ ಮಾತ್ರೆ ಅಂತೂ ಮುಟ್ಟಲೇಬೇಡಿ. ಅರ್ಧ ಗಂಟೇಲಿ ಹಾಯೆನಿಸುತ್ತೆ, ಆಮೇಲೆ ಅದಿಲ್ಲದೆ ಆಗಲ್ಲ ಅನ್ನೋ ಹಾಗೆ ಮಾಡಿಬಿಡುತ್ತೆ.

ನೇರವಾಗಿ ಆಸ್ಪತ್ರೆಗೆ ಹೋಗೋಕೆ ಮನಸ್ಸು ಬರದಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಅಂತಲೇ ಇರೋ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೇ ಇರೋದರಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಒಪಿಡಿಗೆ ಹೋಗಬಹುದು, ಬೆಳಿಗ್ಗೆ ಬೇಗ ಹೋಗಿ, ಒಂದು ದಿನ ಹೋಗುತ್ತೆ ಅಂತ ಇಟ್ಟುಕೊಳ್ಳಿ. ಬೇರೆ ಊರಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ. ಬದುಕೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದು ಹೋಗಿದ್ದರೂ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಈಗಲೇ ಹಾಗನ್ನಿಸ್ತಿದ್ದರೆ ಒಬ್ಬರೇ ಇರಬೇಡಿ, ಫ್ರೆಂಡ್‌ನ ಪಕ್ಕ ಕೂರಿಸಿಕೊಂಡೇ ಆ ನಂಬರಿಗೆ ಫೋನ್ ಮಾಡಿ.

ಪ್ರಶ್ನೆ: ನನಗೆ 17. ಫ್ರೆಂಡ್ ಹೇಳಿದ ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಕ್ರೀಮ್ ತಗೊಂಡು ಆರು ತಿಂಗಳಿಂದ ಮುಖಕ್ಕೆ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾಯಿತು. ಈಗ ಬಿಟ್ಟರೆ ಕೆಂಪಾಗಿ ಉರಿಯುತ್ತೆ, ಮೊಡವೆ ಏಳುತ್ತೆ. ಮತ್ತೆ ಹಚ್ಚಿದರೆ ಸರಿಯಾಗುತ್ತೆ. ಏನು ಮಾಡಲಿ?

ಉತ್ತರ: ನೋಡು ತಮ್ಮಾ, ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಇದೆಯಾ ಓದು. ಇದ್ದರೆ ಅದು ಸ್ಟೀರಾಯ್ಡ್. ಮೊದಲು ಹೊಳಪು ಕೊಡುತ್ತೆ, ಆಮೇಲೆ ಚರ್ಮ ತೆಳ್ಳಗೆ ಮಾಡುತ್ತೆ. ಬಿಟ್ಟಾಗ ಉರಿಯೋದೂ ಅದರಿಂದಲೇ, ಅದಕ್ಕೇ ಜನ ಮತ್ತೆ ಮತ್ತೆ ಹಚ್ಚಿಕೊಂಡು ಸಿಕ್ಕಿಹಾಕಿಕೊಳ್ಳೋದು. ಇಂಥ ಕ್ರೀಮನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ. ಅಂಗಡಿಯವರು ಕೊಡ್ತಾರೆ, ಅದು ಬೇರೆ ಮಾತು.

ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗು. ನಿನಗಿನ್ನೂ 18 ಆಗಿಲ್ಲ, ಚಿಕಿತ್ಸೆಗೆ ಅವರ ಒಪ್ಪಿಗೆ ಬೇಕು. ಇದನ್ನು ಒಮ್ಮೆಲೇ ನಿಲ್ಲಿಸೋದಾ, ನಿಧಾನಕ್ಕೆ ಕಡಿಮೆ ಮಾಡೋದಾ ಅಂತ ಅಲ್ಲಿ ಹೇಳುತ್ತಾರೆ. ಬಿಟ್ಟ ಮೇಲೆ ಮುಖ ಮೊದಲು ಇನ್ನೂ ಕೆಡುತ್ತೆ, ಸರಿಯಾಗೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ಅಲ್ಲಿವರೆಗೆ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚು. ನಿಂಬೆಹಣ್ಣು, ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಮತ್ತೆ ಆ ಟ್ಯೂಬ್ ಎಸೆಯಬೇಡ, ಡಾಕ್ಟರಿಗೆ ತೋರಿಸೋಕೆ ಬೇಕು.