ಕೂಡಲಿ ದಾಟಿದ ಮೇಲೆ ನೀರು ಯಾಕೆ ನಿಂತಿತು?

ಓದುಗರ ಪತ್ರ: ನಾನು ಶಿವಮೊಗ್ಗದವನು, ಎಂಜಿನಿಯರ್. ಚಿಕ್ಕಂದಿನಲ್ಲಿ ಕೀಬೋರ್ಡ್ ಕಲಿತಿದ್ದೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರುವುದನ್ನೇ ವಸ್ತುವಾಗಿಟ್ಟುಕೊಂಡು ಪೂರ್ಣ ಆರ್ಕೆಸ್ಟ್ರಾಕ್ಕೆ 9 ನಿಮಿಷದ ಸ್ವಂತ ರಚನೆ ಮಾಡಿದ್ದೇನೆ. ಕಂಪ್ಯೂಟರಿನಲ್ಲೇ ನುಡಿಸಿ ಪರಿಚಯದವರಿಗೆಲ್ಲ ಕಳಿಸಿದೆ. ಎಲ್ಲರೂ ‘ಸೂಪರ್’ ಎಂದರು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮಾತ್ರ, ‘ಕೂಡಲಿ ಬಂದದ್ದು ಗೊತ್ತಾಯ್ತು. ಆಮೇಲೆ ನೀರು ನಿಂತುಬಿಡ್ತಲ್ಲಪ್ಪ, ನನಗೆ ಆಕಳಿಕೆ ಬಂತು’ ಎಂದರು. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರ ಮಾತಿಗೆ ಬೆಲೆ ಕೊಡಬೇಕೇ? ಇನ್ನು ಮೇಲೆ ತಿಳಿದವರಿಗೆ ಮಾತ್ರ ಕೇಳಿಸುವುದು ಒಳ್ಳೆಯದಲ್ಲವೇ? ನಿಮಗೂ ರಚನೆ ಕಳಿಸಿದ್ದೇನೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆಯಬಹುದೇ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಬಂತು. ಖುಷಿ ಯಾಕೆಂದರೆ ಕೆಲಸ ಮುಗಿಸಿ ಮನೆಗೆ ಬಂದು ಟಿವಿ ಮುಂದೆ ಕೂರುವ ಹೊತ್ತಿನಲ್ಲಿ ಒಬ್ಬ ಹುಡುಗ ಕೊಳಲಿಗೂ ಚೆಲ್ಲೋಗೂ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಸ್ವರ ಬರೆಯುತ್ತಿದ್ದಾನೆ. ಸಿಟ್ಟು ಯಾಕೆಂದರೆ ನಿಮಗೆ ಸಿಕ್ಕ ಒಂದೇ ಒಂದು ಒಳ್ಳೆಯ ಪ್ರತಿಕ್ರಿಯೆಯನ್ನು ದೂರು ಅಂತ ನನಗೆ ಕಳಿಸಿದ್ದೀರಿ.

ಆ ಹಿರಿಯರು ಹೇಳಿದ್ದನ್ನು ಇನ್ನೊಮ್ಮೆ ಓದಿ. ಕೂಡಲಿ ಬಂದದ್ದು ಗೊತ್ತಾಯಿತು ಎಂದಿದ್ದಾರೆ. ಅಂದರೆ ಮಾತಿಲ್ಲ, ಹಾಡಿಲ್ಲ, ಚಿತ್ರವಿಲ್ಲ, ಆದರೂ ಎರಡು ನದಿ ಸೇರಿದ ಜಾಗ ಅವರಿಗೆ ಕೇಳಿಸಿದೆ. ಇದು ನಿಮ್ಮ ಗೆಲುವು. ಆಮೇಲೆ ನೀರು ನಿಂತಿತು ಎಂದಿದ್ದಾರೆ. ಅಂದರೆ ಮುಂದೆ ಹರಿಯುತ್ತದೆ ಅಂತ ಕಾದಿದ್ದಾರೆ. ಕಾಯುವ ಕೇಳುಗ ಸುಮ್ನೆ ಸಿಗುತ್ತಾನಾ? ‘ಸೂಪರ್’ ಎಂದವರಲ್ಲಿ ಎಷ್ಟು ಜನ ಐದನೇ ನಿಮಿಷದವರೆಗೆ ಕೇಳಿದ್ದಾರೆ, ವಿಚಾರಿಸಿ ನೋಡಿ. ಆಕಳಿಕೆ ಬರಬೇಕಾದರೂ ಅಷ್ಟು ಹೊತ್ತು ಕೂತಿರಬೇಕು.

ನಿಮ್ಮ ಪರವಾಗಿಯೂ ಒಂದು ಮಾತಿದೆ, ಇಲ್ಲ ಎನ್ನುವುದಿಲ್ಲ. ಕೆಟ್ಟ ಮಾತಿನಿಂದ ಮುರಿದು ಹೋದವರಿದ್ದಾರೆ. ರಷ್ಯಾದ ರಚನಕಾರ ರಾಖ್ಮಾನಿನೋವ್ ಕಥೆ ನಿಮಗೂ ಗೊತ್ತಿರಬಹುದು. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನ ಮೊದಲ ಸಿಂಫನಿ (ಪೂರ್ಣ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ನುಡಿಸಿದರು. ಅವನಿಗಿನ್ನೂ 23. ತಯಾರಿ ಸಾಲದೆ ಪ್ರದರ್ಶನ ಕೆಟ್ಟಿತು. ನರಕದಲ್ಲೊಂದು ಸಂಗೀತ ಶಾಲೆ ಇದ್ದು, ಈಜಿಪ್ಟಿನ ಪೀಡೆಗಳ ಮೇಲೆ ಸಿಂಫನಿ ಬರೆ ಅಂತ ಅಲ್ಲಿನ ವಿದ್ಯಾರ್ಥಿಗೆ ಹೇಳಿದ್ದರೆ ಹೀಗೇ ಬರೆಯುತ್ತಿದ್ದ ಅಂತ ಸೀಸರ್ ಕ್ಯೂಯಿ ಪತ್ರಿಕೆಯಲ್ಲಿ ಬರೆದ. ಹುಡುಗ ಸುಮಾರು ಮೂರು ವರ್ಷ ದೊಡ್ಡದೇನನ್ನೂ ಬರೆಯಲಿಲ್ಲ. ನಿಕೊಲಾಯ್ ಡಾಲ್ ಎಂಬ ವೈದ್ಯರ ಹತ್ತಿರ ಹೋಗಿ, ಸಂಮೋಹನ ಚಿಕಿತ್ಸೆ ಮಾಡಿಸಿಕೊಂಡು ಚೇತರಿಸಿಕೊಂಡ. ಇವತ್ತು ಲೋಕವೆಲ್ಲ ಕೇಳುವ ಎರಡನೇ ಪಿಯಾನೊ ಕನ್ಚರ್ಟೊವನ್ನು (ಪಿಯಾನೊ ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸುವ ಕೃತಿ) ಆ ಡಾಕ್ಟರಿಗೇ ಅರ್ಪಿಸಿದ್ದಾನೆ.

ಆದರೆ ಒಂದು ವಿಷಯ ಗಮನಿಸಿ. ಈ ಕ್ಯೂಯಿ ಯಾರು? ಬಸ್ ಕಂಡಕ್ಟರ್ ಅಲ್ಲ. ಸ್ವತಃ ಸಂಗೀತ ರಚನೆ ಮಾಡುತ್ತಿದ್ದವನು, ರಷ್ಯಾದ ಹೆಸರಾಂತ ಐದು ಜನರ ಗುಂಪಿನಲ್ಲಿ ಒಬ್ಬ. ನೀವು ಹುಡುಕುತ್ತಿರುವ ‘ತಿಳಿದವರು’ ಅಂದರೆ ಇಂಥವರೇ ಅಲ್ವಾ? ರಷ್ಯಾದ ಇನ್ನೊಬ್ಬ ರಚನಕಾರ ಚೈಕೋವ್ಸ್ಕಿಗೂ ಹಾಗೇ ಆಯಿತು. 1874ರ ಕ್ರಿಸ್‌ಮಸ್ ಹಿಂದಿನ ದಿನ ಮಾಸ್ಕೊದಲ್ಲಿ ತನ್ನ ಮೊದಲ ಪಿಯಾನೊ ಕನ್ಚರ್ಟೊವನ್ನು ಹೆಸರಾಂತ ಪಿಯಾನೊ ವಾದಕ ನಿಕೊಲಾಯ್ ರೂಬಿನ್‌ಸ್ಟೈನ್‌ಗೆ ನುಡಿಸಿ ತೋರಿಸಿದ. ರೂಬಿನ್‌ಸ್ಟೈನ್ ಮೊದಲು ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಇದು ನುಡಿಸಲು ಬಾರದ್ದು, ಕಳಪೆ, ಎರಡು ಮೂರು ಪುಟ ಬಿಟ್ಟು ಉಳಿದದ್ದನ್ನು ಎಸೆ ಎಂದ. ಒಂದು ಸ್ವರವನ್ನೂ ಬದಲಿಸಲ್ಲ ಎಂದು ಚೈಕೋವ್ಸ್ಕಿ ಎದ್ದು ಬಂದ. ಕೃತಿ ಮರುವರ್ಷ ಅಮೆರಿಕದ ಬಾಸ್ಟನ್‌ನಲ್ಲಿ ಗೆದ್ದಿತು.

ಈ ಕಥೆ ಹೇಳುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಕಲಾವಿದನ ಹಠ ಗೆದ್ದಿತು ಅಂತ ಚಪ್ಪಾಳೆ. ಮುಂದಿನದನ್ನು ಹೇಳುವವರು ಕಡಿಮೆ. ಕೋಪ ಆರಿದ ಮೇಲೆ ಚೈಕೋವ್ಸ್ಕಿ ಅದನ್ನು ಎರಡು ಸಲ ತಿದ್ದಿದ. ಶುರುವಿನಲ್ಲಿ ಪಿಯಾನೊ ಗುಡುಗುತ್ತದಲ್ಲ, ಆ ದಪ್ಪ ಸ್ವರಗುಚ್ಛಗಳು ಮೊದಲ ಆವೃತ್ತಿಯಲ್ಲಿ ಹಾಗಿರಲಿಲ್ಲ. ಒಂದರ ಹಿಂದೆ ಒಂದು ಸ್ವರ ಬಿಡಿಸಿಕೊಂಡು ಬರುತ್ತಿದ್ದವು. ಅತ್ತ ರೂಬಿನ್‌ಸ್ಟೈನ್ ಕೂಡ ಮನಸ್ಸು ಬದಲಿಸಿ ಅದೇ ಕೃತಿಯನ್ನು ತಾನೇ ನುಡಿಸಿದ. ಇಬ್ಬರೂ ದೊಡ್ಡವರು. ಇಬ್ಬರೂ ಬಗ್ಗಿದರು.

ನನಗೆ ಇನ್ನೂ ಇಷ್ಟದ ಕಥೆ ಇಂಗ್ಲಿಷ್ ರಚನಕಾರ ಎಲ್ಗರ್‌ನದು. 1898ರ ಅಕ್ಟೋಬರ್. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ದಿನವಿಡೀ ಪಿಟೀಲು ಪಾಠ ಹೇಳಿ ಸುಸ್ತಾಗಿ ಮನೆಗೆ ಬಂದ. ಸಿಗಾರ್ ಹಚ್ಚಿ ಪಿಯಾನೊ ಮುಂದೆ ಕೂತು ಏನೋ ಬೆರಳಾಡಿಸುತ್ತಿದ್ದ. ಹೆಂಡತಿ ಆಲಿಸ್ ತಟ್ಟನೆ, ಅದೇನದು, ಚೆನ್ನಾಗಿದೆ, ಇನ್ನೊಂದು ಸಲ ನುಡಿಸಿ ಎಂದಳು. ಯಾವುದನ್ನು ಎಂದು ಇವನಿಗೇ ಗೊತ್ತಿಲ್ಲ! ಹುಡುಕಿ ಹುಡುಕಿ ಮತ್ತೆ ನುಡಿಸಿದ. ‘ಎನಿಗ್ಮಾ ವೇರಿಯೇಶನ್ಸ್’ ಎಂಬ ಆರ್ಕೆಸ್ಟ್ರಾ ಕೃತಿ ಹುಟ್ಟಿದ್ದು ಹೀಗೆ. 1899ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ, ದೊಡ್ಡ ಹೆಸರು. ಆಗ ಪ್ರಕಾಶಕರ ಕಚೇರಿಯಲ್ಲಿದ್ದ ಗೆಳೆಯ ಯೇಗರ್, ಕೊನೆ ಗಡಿಬಿಡಿಯಲ್ಲಿ ಮುಗಿದ ಹಾಗಿದೆ, ಬೆಳೆಸು ಎಂದ. ಎಲ್ಗರ್ ಒಪ್ಪಲಿಲ್ಲ. ಯೇಗರ್ ಬಿಡಲಿಲ್ಲ. ಕೊನೆಗೆ ಎಲ್ಗರ್ ಬೈದುಕೊಂಡೇ ಸುಮಾರು ನೂರು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಹೊಸದಾಗಿ ಬರೆದ. ಇವತ್ತು ನಾವು ಕೇಳುವುದು ಆ ಉದ್ದದ ಕೊನೆಯನ್ನೇ. ಗೆದ್ದ ಕೃತಿಯನ್ನೂ ತಿದ್ದಿದ, ನೋಡಿ. ಜನ ಚಪ್ಪಾಳೆ ಹೊಡೆದ ಮೇಲೆ ಅಂಥದ್ದನ್ನು ಮಾಡಲು ಎದೆ ಬೇಕು.

ಅಂಗಿ ಕಂಕುಳಲ್ಲಿ ಬಿಗಿ ಅಂತ ಹೇಳಲು ಹೊಲಿಗೆ ಬರಬೇಕಾಗಿಲ್ಲ. ಎಲ್ಲಿ ಬಿಚ್ಚಿ ಎಷ್ಟು ಬಿಡಬೇಕು ಅನ್ನುವುದು ದರ್ಜಿಯ ತಲೆನೋವು. ಕೇಳುಗರು ‘ಇಲ್ಲಿ ಬೇಸರವಾಯಿತು’ ಅಂದರೆ ಸಾಮಾನ್ಯವಾಗಿ ಅದು ನಿಜ. ‘ಇಲ್ಲಿ ಡ್ರಮ್ಸ್ ಹಾಕು’ ಅಂದರೆ ಅದು ಹೆಚ್ಚಾಗಿ ತಪ್ಪು. ಮೊದಲನೆಯದನ್ನು ಬರೆದಿಟ್ಟುಕೊಳ್ಳಿ, ಎರಡನೆಯದಕ್ಕೆ ನಕ್ಕು ಥ್ಯಾಂಕ್ಸ್ ಹೇಳಿ. ತಿಳಿದವರ ತೊಂದರೆಯೇ ಬೇರೆ. ಅವರು ನೇರವಾಗಿ ಮದ್ದು ಹೇಳಲು ಶುರು ಮಾಡುತ್ತಾರೆ, ನೋವೆಲ್ಲಿ ಅಂತ ಹೇಳುವುದೇ ಇಲ್ಲ.

ಈಗ ನಿಮ್ಮ ರಚನೆಗೆ ಬರೋಣ. ಹೆಡ್‌ಫೋನ್ ಹಾಕಿ ಕೇಳಿದೆ, ಆಮೇಲೆ ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲೂ ಕೇಳಿದೆ. ಕೊಳಲಿನಲ್ಲಿ ತುಂಗೆ, ಚೆಲ್ಲೋದಲ್ಲಿ ಭದ್ರೆ. ಒಳ್ಳೆಯ ಯೋಚನೆ. ನಾಲ್ಕನೇ ನಿಮಿಷದ ಹೊತ್ತಿಗೆ ಎರಡೂ ಒಂದೇ ಧಾಟಿಗೆ ಬರುವ ಜಾಗದಲ್ಲಿ ನನಗೂ ಮೈ ಜುಮ್ಮೆಂದಿತು. ಆಮೇಲೆ? ಅದೇ ಧಾಟಿ, ಅದೇ ಶ್ರುತಿ, ಅದೇ ಲಯ, ಬರೀ ಜೋರು. ಮೊದಲು ಪಿಟೀಲು, ನಂತರ ಹಿತ್ತಾಳೆ ವಾದ್ಯಗಳು, ನಂತರ ಎಲ್ಲರೂ. ನಾಲ್ಕೂವರೆ ನಿಮಿಷ ನದಿ ಕೂಡಲಿಯಲ್ಲೇ ಪೂಜೆ ಮಾಡಿಸಿಕೊಂಡು ನಿಂತಿದೆ. ನಿಮ್ಮ ನೆರೆಯವರಿಗೆ ಆಕಳಿಕೆ ಬಂದದ್ದು ನ್ಯಾಯವೇ.

ಚೆಕ್ ರಚನಕಾರ ಸ್ಮೆತಾನಾ ‘ವ್ಲ್ಟಾವಾ’ ನದಿಯ ಮೇಲೆ ಅದೇ ಹೆಸರಿನ ಕೃತಿ ಬರೆದಾಗ ಎದುರಿಗಿದ್ದದ್ದು ನಿಮ್ಮದೇ ಸಮಸ್ಯೆ. ಬೊಹೆಮಿಯಾದಲ್ಲಿ ಎರಡು ಒರತೆ ಸೇರಿ ಒಂದು ನದಿ. ಅವನು ಒಂದನ್ನು ಕೊಳಲಿಗೆ ಕೊಟ್ಟ, ಇನ್ನೊಂದನ್ನು ಕ್ಲಾರಿನೆಟ್‌ಗೆ. ಅವೆರಡನ್ನೂ ಬೇಗ ಸೇರಿಸಿಬಿಟ್ಟ. ಆಮೇಲೆ ನದಿಗೆ ಕೈತುಂಬ ಕೆಲಸ. ದಡದಲ್ಲಿ ಬೇಟೆ, ಹಳ್ಳಿಯ ಮದುವೆ ಕುಣಿತ, ಬೆಳದಿಂಗಳು, ಬಂಡೆಗಳ ನಡುವೆ ರಭಸ, ಕೊನೆಗೆ ಪ್ರಾಗ್‌ನ ಕೋಟೆ. ಇದನ್ನು ಬರೆದದ್ದು 1874ರ ನವೆಂಬರ್, ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅವನ ಕಿವಿ ಪೂರ್ತಿ ಹೋಗಿತ್ತು. ತಾನು ಬರೆದದ್ದನ್ನು ಅವನು ಕೇಳಲೇ ಇಲ್ಲ. ನಿಮ್ಮ ತುಂಗಭದ್ರೆಗೆ ಕೂಡಲಿಯ ಮುಂದೆ ಹರಿಹರವಿದೆ, ಹೊಸಪೇಟೆಯ ಅಣೆಕಟ್ಟಿದೆ, ಹಂಪಿಯ ಬಂಡೆಗಳಿವೆ, ಕೊನೆಗೆ ಕೃಷ್ಣೆಯೂ ಇದ್ದಾಳೆ. ಅಷ್ಟೆಲ್ಲ ಇಟ್ಟುಕೊಂಡು ನೀವು ಹೊಳೆಹೊನ್ನೂರಿನ ಹತ್ತಿರವೇ ಬಸ್ ಇಳಿದುಬಿಟ್ಟಿದ್ದೀರಿ.

ಇನ್ನೆರಡು ಮಾತು, ಇವನ್ನು ನೆರೆಯವರು ಹೇಳಲಾರರು. ಐದನೇ ನಿಮಿಷದಲ್ಲಿ ಕೊಳಲು ಮಂದ್ರ ಸ್ವರಗಳಲ್ಲಿದೆ, ಅದರ ಕೆಳಗೆ ಮೂರು ಟ್ರಂಬೋನ್ ಮೊಳಗುತ್ತಿವೆ. ಆದರೂ ಕೊಳಲು ಸ್ಪಷ್ಟ. ಇದು ಕಂಪ್ಯೂಟರಿನ ಕರಾಮತ್ತು. ಒಂದೊಂದು ವಾದ್ಯದ ಸ್ವರವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿಟ್ಟಿರುತ್ತಾರೆ. ನೀವು ಗುಂಡಿ ಏರಿಸಿದರೆ ಕೊಳಲು ಕಹಳೆಯನ್ನೂ ಮೀರಿಸುತ್ತದೆ. ನಿಜವಾದ ಸಭಾಂಗಣದಲ್ಲಿ ಕೊಳಲಿನ ಮಂದ್ರಕ್ಕೆ ಅಷ್ಟು ಬಲವಿಲ್ಲ, ಅಲ್ಲಿ ನಿಮ್ಮ ತುಂಗೆ ಮುಳುಗಿಹೋಗುತ್ತಾಳೆ. ಇನ್ನೊಂದು, ಪಿಟೀಲುಗಳು ಒಂದೇ ಸ್ವರವನ್ನು ಚಕಚಕ ಬಾರಿಸುವ ಜಾಗ. ಪ್ರತಿ ಸಲವೂ ಅದೇ ಒಂದು ರೆಕಾರ್ಡಿಂಗ್ ಮರುಕಳಿಸಿ, ಕಿವಿಗೆ ಮೆಷಿನ್ ಗನ್ ಆಗಿದೆ. ಒಂದೇ ಸ್ವರವನ್ನು ನಾಲ್ಕಾರು ಸಲ ಬೇರೆ ಬೇರೆ ನುಡಿಸಿ ಜೋಡಿಸಿದ ಧ್ವನಿಸಂಗ್ರಹಗಳು ಸಿಗುತ್ತವೆ, ಉಚಿತವಾಗಿ ಸಿಗುವವೂ ಇವೆ. ಬದಲಾಯಿಸಿ ನೋಡಿ. ಊದುವವರಿಗೆ ಉಸಿರು ತೆಗೆದುಕೊಳ್ಳಲು ಜಾಗವನ್ನೂ ಬಿಡಿ, ಪಾಪ.

ಕೇಳುಗನ ವಿಷಯ ಬಂತು ಅಂದಮೇಲೆ ಮೈಸೂರನ್ನು ಬಿಟ್ಟು ಹೇಗೆ ಮುಂದೆ ಹೋಗಲಿ? ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದವರು ಅಂತ ಎಲ್ಲರಿಗೂ ಗೊತ್ತು. ಅದೇ ಒಡೆಯರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ರಾಶಿ ಹಾಕಿಕೊಂಡು ಕೇಳುತ್ತಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಹೆಚ್ಚಿನವರಿಗೆ ಮರೆತೇ ಹೋಗಿದ್ದ. ಅವನ ಸಂಗೀತ ಕೇಳಿ ಇಷ್ಟಪಟ್ಟ ಒಡೆಯರು ಅವನ ರೆಕಾರ್ಡಿಂಗ್‌ಗಳಿಗೆ ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ, 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಯಿತು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಟ್, ಆರ್ಕೆಸ್ಟ್ರಾ ನಡೆಸಿದ್ದು ಫುರ್ಟ್‌ವೆಂಗ್ಲರ್. ಅದಕ್ಕೂ ಹಣದ ಭರವಸೆ ಹೋದದ್ದು ಮೈಸೂರಿನಿಂದ. ಕೂತು ಕೇಳುವ ಒಬ್ಬ ಮನುಷ್ಯ ಏನೆಲ್ಲ ಮಾಡಬಹುದು, ನೋಡಿ. ನಿಮ್ಮ ನೆರೆಯವರ ಹತ್ತಿರ ಖಜಾನೆ ಇಲ್ಲದಿರಬಹುದು, ಕಿವಿ ಇದೆ.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ, ಓದುಗರು ಬೈದರೂ ಚಿಂತೆಯಿಲ್ಲ. ನಮ್ಮಲ್ಲಿ ಹೊಗಳಿಕೆ ಜಾಸ್ತಿಯಾಗಿದೆ. ಪುಸ್ತಕಕ್ಕೆ ಮುನ್ನುಡಿ, ಹಿನ್ನುಡಿ, ಬೆನ್ನುಡಿ, ಮೂರರಲ್ಲೂ ಹೊಗಳಿಕೆ. ಬಿಡುಗಡೆ ಸಮಾರಂಭದಲ್ಲಿ ಪುಸ್ತಕ ಓದಿರದ ಮುಖ್ಯ ಅತಿಥಿಯ ಹೊಗಳಿಕೆ. ರಂಗಪ್ರವೇಶಕ್ಕೆ ಹೋದರೆ ನೃತ್ಯಕ್ಕಿಂತ ಭಾಷಣ ಉದ್ದ. ವಿಮರ್ಶೆ ಬರೆಸಿ ಅಂತ ನಮ್ಮ ಕಚೇರಿಗೆ ಫೋನ್ ಬರುತ್ತದೆ, ಜೊತೆಗೆ ಬರೆದಿಟ್ಟ ವಿಮರ್ಶೆಯೂ ಬರುತ್ತದೆ! ಸಹೃದಯರು ಎಂದು ಎಲ್ಲರನ್ನೂ ಕರೆಯುತ್ತೇವೆ, ಅವರು ಬಾಯಿ ತೆರೆದರೆ ಮುಖ ಸಿಂಡರಿಸುತ್ತೇವೆ.

ಪ್ರಾಮಾಣಿಕ ಕೇಳುಗರು ಇಲ್ಲವೆಂದಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರು ಬೆಳಿಗ್ಗೆ ಚಾ ಅಂಗಡಿಯಲ್ಲಿ ಭಾಗವತರ ಪದ ಎಲ್ಲಿ ಎಳೆದಾಡಿತು, ವೇಷಧಾರಿ ಮಾತಿನಲ್ಲಿ ಎಲ್ಲಿ ದಾರಿ ತಪ್ಪಿದ ಅಂತ ಪದ್ಯ ಪದ್ಯವಾಗಿ ಬಿಡಿಸುತ್ತಾರೆ. ಅವರಲ್ಲಿ ಎಷ್ಟೋ ಜನ ಚೆಂಡೆ ಮುಟ್ಟಿದವರಲ್ಲ. ಬೆಂಗಳೂರಿನ ರಾಮನವಮಿ ಕಚೇರಿಗಳಲ್ಲಿ ತನಿ ಆವರ್ತನ (ಮೃದಂಗದವರು ತಾವಾಗಿಯೇ ನುಡಿಸುವ ಭಾಗ) ಶುರುವಾದರೆ ಸಾಕು, ಅರ್ಧ ಸಭೆ ಕಾಫಿಗೆ ಏಳುತ್ತದೆ. ಮೃದಂಗದವರ ಮೇಲೆ ನನಗೆ ಕನಿಕರವಿದೆ. ಆದರೂ ಅದೇ ಸಭೆ ಒಳ್ಳೆಯ ತನಿ ಬಂದಾಗ ಏಳದೆ ಕೂತದ್ದನ್ನೂ ಕಂಡಿದ್ದೇನೆ. ಅಲ್ಲಿ ಯಾರೂ ‘ಸೂಪರ್’ ಅನ್ನುವುದಿಲ್ಲ. ಏಳುತ್ತಾರೆ, ಇಲ್ಲವೇ ಕೂರುತ್ತಾರೆ.

ಇನ್ನು ನೀವು ಕೇಳಿದ ನಾಲ್ಕು ಸಾಲು. ಸದ್ಯಕ್ಕೆ ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮೊದಲು ರಚನೆಯ ಎರಡನೇ ಅರ್ಧವನ್ನು ಬಿಚ್ಚಿ ಕಟ್ಟಿ. ಕೊಳಲಿನ ಭಾಗವನ್ನು ಮುದ್ರಿಸಿಕೊಂಡು ನಿಜವಾಗಿ ಪಾಶ್ಚಾತ್ಯ ಕೊಳಲು ನುಡಿಸುವವರೊಬ್ಬರ ಮುಂದಿಡಿ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಬನ್ನಿ, ಇಲ್ಲಿನ ಸಂಗೀತ ಶಾಲೆಗಳಲ್ಲಿ ವಿಚಾರಿಸಿ. ಎಲ್ಲಿ ಉಸಿರು ಸಾಲಲಿಲ್ಲ ಅಂತ ಅವರು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಡುತ್ತಾರೆ. ಆ ಗುರುತುಗಳಿರುವ ಹಾಳೆಯನ್ನೇ ನನಗೆ ಕಳಿಸಿ. ಫೋಟೊ ಬೇಡ, ಪರಿಚಯ ಬೇಡ, ಯಾರ ಶುಭ ಹಾರೈಕೆಯೂ ಬೇಡ.