ರೋಗನಿರೋಧಕ ಶಕ್ತಿಯನ್ನು ತಡೆಯುವ ಕೋಶಗಳೂ ಇವೆಯೇ?

ಪ್ರಶ್ನೆ: ನನಗೆ 34 ವರ್ಷ. ಹಾಶಿಮೊಟೊ ಥೈರಾಯ್ಡ್ ಇದೆ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ರೋಗನಿರೋಧಕ ಶಕ್ತಿಯೇ ಥೈರಾಯ್ಡನ್ನು ಹಾಳು ಮಾಡುತ್ತಿದೆಯಂತೆ. ಮನೆಯವರು ಇಮ್ಯುನಿಟಿ ಹೆಚ್ಚಿಸುವ ಪುಡಿ ತಗೋ ಎನ್ನುತ್ತಾರೆ. ಇಂಥ ದಾಳಿಯನ್ನು ತಡೆಯುವ ಟಿ ಕೋಶಗಳಿವೆ, ಅದಕ್ಕೆ ನೊಬೆಲ್ ಬಂದಿದೆ ಎಂದು ಓದಿದೆ. ಅವು ಹೇಗೆ ಕೆಲಸ ಮಾಡುತ್ತವೆ? ನನ್ನಲ್ಲಿ ಅವು ಕಡಿಮೆ ಇವೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಇಮ್ಯುನಿಟಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತು ತಪ್ಪು. ಅದು ಎಷ್ಟು ತಪ್ಪು ಎಂಬುದನ್ನು ಈ ಕೋಶಗಳೇ ತೋರಿಸಿಕೊಟ್ಟಿವೆ.

ಟಿ ಕೋಶಗಳು ಎಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಇವು ಬೆಳೆಯುತ್ತವೆ. ನಮ್ಮದೇ ಅಂಗಗಳ ಮೇಲೆ ಬೀಳುವಂಥವು ಬಹುಪಾಲು ಅಲ್ಲೇ ಸಾಯುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ರಕ್ತಕ್ಕೆ ಬರುತ್ತವೆ. ಆರೋಗ್ಯವಂತರಲ್ಲೂ ಇವು ಇರುತ್ತವೆ. ಹಾಗಾದರೆ ಎಲ್ಲರಿಗೂ ಯಾಕೆ ಕಾಯಿಲೆ ಬರುವುದಿಲ್ಲ?

ತಡೆಯುವ ಟಿ ಕೋಶಗಳೂ ಇರಬಹುದು ಎಂದು 1970ರ ಹೊತ್ತಿಗೆ ಅಮೆರಿಕದ ಯೇಲ್‌ನಲ್ಲಿ ರಿಚರ್ಡ್ ಗರ್ಶನ್ ಹೇಳಿದರು. ಸಪ್ರೆಸರ್ ಟಿ ಕೋಶ ಎಂಬ ಹೆಸರು ಆಗಿನದು. ಆದರೆ ಅವುಗಳ ಗುರುತು ಎಂದುಕೊಂಡಿದ್ದ ಐ-ಜೆ ಜೀನ್ 1980ರ ದಶಕದಲ್ಲಿ ಹುಡುಕಿದ ಜಾಗದಲ್ಲಿ ಸಿಗಲೇ ಇಲ್ಲ. ಬಹಳ ಜನ ಈ ವಿಷಯವನ್ನೇ ಕೈಬಿಟ್ಟರು.

ಜಪಾನಿನ ಶಿಮೊನ್ ಸಕಾಗುಚಿ ಬಿಡಲಿಲ್ಲ. ಅವರನ್ನು ಹಿಡಿದಿಟ್ಟದ್ದು 1969ರ ಒಂದು ಪ್ರಯೋಗ. ಹುಟ್ಟಿದ 3ನೇ ದಿನ ಇಲಿಮರಿಯ ಥೈಮಸ್ ತೆಗೆದರೆ ಅದರ ಅಂಡಾಶಯ ಹಾಳಾಗುತ್ತಿತ್ತು. 7ನೇ ದಿನ ತೆಗೆದರೆ ಏನೂ ಆಗುತ್ತಿರಲಿಲ್ಲ. ವಿಚಿತ್ರ ಅಲ್ವಾ? ದಾಳಿ ಮಾಡುವ ಕೋಶಗಳು ಥೈಮಸ್‌ನಿಂದ ಮೊದಲು ಹೊರಬರುತ್ತವೆ, ತಡೆಯುವವು ಸ್ವಲ್ಪ ತಡವಾಗಿ. 3ನೇ ದಿನ ಗ್ರಂಥಿ ತೆಗೆದರೆ ತಡೆಯುವವರೇ ಇರುವುದಿಲ್ಲ. ಅಂಥ ಇಲಿಗಳಿಗೆ ಆರೋಗ್ಯವಂತ ಇಲಿಯ ಟಿ ಕೋಶ ಕೊಟ್ಟಾಗ ಕಾಯಿಲೆ ಬರಲಿಲ್ಲ. 1995ರಲ್ಲಿ ಸಕಾಗುಚಿ ಈ ಕೋಶಗಳ ಮೈಮೇಲಿನ ಗುರುತನ್ನೂ ಹೇಳಿದರು: ಸಿಡಿ25 ಎಂಬ ಪ್ರೋಟೀನು. ಟಿ ಕೋಶಗಳಿಂದ ಇವನ್ನು ಬೇರೆ ಮಾಡಿ, ಉಳಿದವನ್ನಷ್ಟೇ ಥೈಮಸ್ ಇಲ್ಲದ ಇಲಿಗೆ ಕೊಟ್ಟರೆ ಥೈರಾಯ್ಡ್, ಜಠರ, ಅಂಡಾಶಯಗಳ ಮೇಲೆ ದಾಳಿಯಾಯಿತು. ಇವನ್ನೂ ಸೇರಿಸಿ ಕೊಟ್ಟರೆ ದಾಳಿ ಆಗಲಿಲ್ಲ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನ್ ಕಂಡುಹಿಡಿದರು. ಅದು ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಭೀಕರ ಕಾಯಿಲೆ ಬರುತ್ತದೆ. ಎಳೆವಯಸ್ಸಿನಲ್ಲೇ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ದಾಳಿಗೆ ಸಿಗುತ್ತವೆ. ತಡೆಯುವ ಕೋಶಗಳು ರೂಪುಗೊಳ್ಳಲು ಈ ಜೀನ್ ಬೇಕೇ ಬೇಕು ಎಂಬುದು 2003ರಲ್ಲಿ ಖಚಿತವಾಯಿತು. 2025ರ ನೊಬೆಲ್ ಈ ಮೂವರಿಗೆ ಬಂತು. ಈಗ ಈ ಕೋಶಗಳನ್ನು ರೆಗ್ಯುಲೇಟರಿ ಟಿ ಕೋಶ, ಚಿಕ್ಕದಾಗಿ ಟಿ-ರೆಗ್ ಎನ್ನುತ್ತೇವೆ.

ಇವು ತಡೆಯುವ ದಾರಿಗಳು ಹಲವು. ಟಿ ಕೋಶಗಳು ಹೆಚ್ಚಲು ಇಂಟರ್‌ಲ್ಯೂಕಿನ್-2 ಎಂಬ ಸಂದೇಶವಾಹಕ ಪ್ರೋಟೀನು ಬೇಕು. ಟಿ-ರೆಗ್‌ಗಳು ಸಿಡಿ25 ಮೂಲಕ ಅದನ್ನು ತಾವೇ ಹೀರಿಕೊಂಡು ಉಳಿದವಕ್ಕೆ ಸಿಗದಂತೆ ಮಾಡುತ್ತವೆ. ಇನ್ನು ಕೆಲವು ಕೋಶಗಳು ಶತ್ರುವಿನ ಚೂರನ್ನು ತೋರಿಸಿ ಟಿ ಕೋಶಗಳನ್ನು ಕೆರಳಿಸುತ್ತವೆ. ಟಿ-ರೆಗ್‌ಗಳು ಸಿಟಿಎಲ್‌ಎ-4 ಎಂಬ ಪ್ರೋಟೀನಿನಿಂದ ಆ ಕೋಶಗಳ ಮೈಮೇಲಿನ ಕೆರಳಿಸುವ ಅಣುಗಳನ್ನೇ ಕಿತ್ತು ನುಂಗುತ್ತವೆ. ಇಂಟರ್‌ಲ್ಯೂಕಿನ್-10ನಂಥ ಶಮನಕಾರಿ ವಸ್ತುಗಳನ್ನೂ ಸುರಿಸುತ್ತವೆ. ಇವು ಅತಿಯಾದರೂ ಕಷ್ಟವೇ. ಕ್ಯಾನ್ಸರ್ ಗೆಡ್ಡೆಗಳು ಟಿ-ರೆಗ್‌ಗಳನ್ನು ತಮ್ಮತ್ತ ಸೆಳೆದು ದಾಳಿಯಿಂದ ಪಾರಾಗುತ್ತವೆ.

ಇನ್ನು ನಿಮ್ಮ ವಿಷಯ. ಹಾಶಿಮೊಟೊದಲ್ಲಿ ಈ ತಡೆ ಥೈರಾಯ್ಡಿನ ಮಟ್ಟಿಗೆ ಸೋತಿರುತ್ತದೆ. ಹಾಗೆಂದು ರಕ್ತದಲ್ಲಿ ಟಿ-ರೆಗ್ ಸಂಖ್ಯೆ ಕಡಿಮೆ ಇರಲೇಬೇಕೆಂದಿಲ್ಲ. ಅವನ್ನು ಎಣಿಸಿ ನಿಮ್ಮ ಚಿಕಿತ್ಸೆ ಬದಲಿಸುವುದೂ ಇಲ್ಲ, ಸುಮ್ನೆ ಆ ಪರೀಕ್ಷೆಗೆ ದುಡ್ಡು ಹಾಕಬೇಡಿ. ಟಿ-ರೆಗ್ ಚಿಕಿತ್ಸೆಯ ಪ್ರಯೋಗಗಳು ಟೈಪ್ 1 ಮಧುಮೇಹ ಮತ್ತು ಅಂಗ ಕಸಿಯಲ್ಲಿ ನಡೆಯುತ್ತಿವೆ. ನಿಮಗೆ ಈಗ ಬೇಕಿರುವುದು ಡಾಕ್ಟರು ಬರೆದ ಥೈರಾಕ್ಸಿನ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಪ್ಪದೆ ತೆಗೆದುಕೊಳ್ಳಿ.

ಆ ಪುಡಿ ಬೇಡ. ಅದರಲ್ಲಿ ಅಶ್ವಗಂಧ ಇದ್ದರಂತೂ ಥೈರಾಯ್ಡ್ ಹಾರ್ಮೋನ್ ಏರುಪೇರಾಗಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಗು ಬೇಕೆಂಬ ಯೋಚನೆ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಗರ್ಭಿಣಿಯಾದಾಗ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ.