ಓದುಗರ ಪ್ರಶ್ನೆ, ನಮ್ಮ ಉತ್ತರ: ಹದಿನೈದಕ್ಕೇ ಚಿನ್ನ, ಇಪ್ಪತ್ತೆಂಟಕ್ಕೂ ವರ್ಲ್ಡ್ ರೆಕಾರ್ಡ್

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ ಬಗ್ಗೆನೇ ಇವೆ. ಬೇಸಿಗೆ ರಜೆಗೆ ಮಕ್ಕಳನ್ನೆಲ್ಲ ಸ್ವಿಮ್ಮಿಂಗ್ ಕ್ಯಾಂಪ್‌ಗೆ ಸೇರಿಸಿರ್ತೀರಲ್ಲ, ಅದಕ್ಕೋ ಏನೋ. ಕ್ರಿಕೆಟ್ ಪ್ರಶ್ನೆ ಕಳಿಸಿದವ್ರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.

ಪ್ರಶ್ನೆ: ಲೆಡೆಕಿ 15ನೇ ವಯಸ್ಸಿಗೇ ಒಲಿಂಪಿಕ್ಸ್ ಚಿನ್ನ ಗೆದ್ದಳಂತೆ. ಅಷ್ಟು ಚಿಕ್ಕ ಹುಡುಗಿ ದೊಡ್ಡವರನ್ನ ಸೋಲಿಸೋದು ಹೇಗೆ ಸಾಧ್ಯ? ಅಂಬೆಗಾಲಿಡುವಾಗ್ಲೇ ನೀರಿಗೆ ಇಳಿಸಿದ್ರಾ? (ಕಾಲೇಜು ವಿದ್ಯಾರ್ಥಿ, ಹಾಸನ)

ಹಾಗೇನಿಲ್ಲ. 1997ರ ಮಾರ್ಚ್ 17ಕ್ಕೆ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಹುಡುಗಿ, ಬೆಳೆದಿದ್ದು ಪಕ್ಕದ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ. ಆರು ವರ್ಷಕ್ಕೆ ಅಣ್ಣ ಮೈಕಲ್ ಜೊತೆ ಮನೆ ಹತ್ರದ ಪ್ಯಾಲಿಸೇಡ್ಸ್ ಅನ್ನೋ ಕ್ಲಬ್ಬಿನ ಬೇಸಿಗೆ ಟೀಮ್ ಸೇರಿದ್ಲು. ಅವರ ಅಮ್ಮ ನ್ಯೂ ಮೆಕ್ಸಿಕೊ ಯೂನಿವರ್ಸಿಟಿ ಪರ ಈಜಿದವರು, ಹಾಗಾಗಿ ಮನೆಯಲ್ಲಿ ನೀರಿನ ಭಯ ಅಂತ ಇರ್ಲಿಲ್ಲ. ಅಲ್ಲಿ ಈ ಸಮ್ಮರ್ ಲೀಗ್ ಅನ್ನೋದು ಒಳ್ಳೆ ಪದ್ಧತಿ ಕಣ್ರೀ, ಜೂನ್ ಜುಲೈನಲ್ಲಿ ಒಂದು ಏರಿಯಾ ಕ್ಲಬ್ಬಿನ ಮಕ್ಕಳು ಇನ್ನೊಂದು ಏರಿಯಾದವ್ರ ಜೊತೆ ರೇಸ್ ಮಾಡ್ತಾರೆ, ಅಪ್ಪ ಅಮ್ಮಂದಿರೇ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿರ್ತಾರೆ, ಚಿಕ್ಕ ಚಿಕ್ಕ ಮಕ್ಕಳಿಗೂ ಬೇರೆ ರೇಸ್ ಇರತ್ತೆ. ಆ ಮೊದಲ ಬೇಸಿಗೆ ಲೆಡೆಕಿಯ ಗುರಿ ಏನು ಗೊತ್ತಾ, ಲೇನ್ ಹಗ್ಗ ಹಿಡ್ಕೊಳ್ದೆ ಒಂದು ಲ್ಯಾಪ್ ಮುಗಿಸೋದು. ಅಷ್ಟೇ!

ಇನ್ನು 15ಕ್ಕೆ ಹೇಗೆ ಸಾಧ್ಯ ಅಂದ್ರೆ, ಅದಕ್ಕೆ ಅರ್ಧ ಉತ್ತರ ಯಾವ ರೇಸು ಅನ್ನೋದ್ರಲ್ಲೇ ಇದೆ. 50 ಮೀಟರ್ ಸ್ಪ್ರಿಂಟ್‌ಗೆ ತೋಳು, ತೊಡೆ ಸ್ನಾಯುಗಳ ಶಕ್ತಿ ಬೇಕು, ಅದು ಬೆಳೆಯೋಕೆ ವರ್ಷಗಳು ಹಿಡಿಯತ್ತೆ. 800 ಮೀಟರ್ ಅಂದ್ರೆ 16 ಲ್ಯಾಪ್, ಅಲ್ಲಿ ಉಸಿರು, ಹೃದಯ, ನೀರಲ್ಲಿ ಹಗುರವಾಗಿ ಜಾರೋ ಮೈ, ಇವುಗಳ ಆಟ. ಹೆಣ್ಮಕ್ಕಳಲ್ಲಿ ಇದು ಬೇಗ ಕೂಡಿಬರತ್ತೆ, ಹಿಂದೆ ಅಮೆರಿಕದ ಜಾನೆಟ್ ಇವಾನ್ಸ್ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 17ಕ್ಕೆ ಮೂರು ಚಿನ್ನ ಗೆದ್ದಿದ್ಲು. ಲೆಡೆಕಿ 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಇಡೀ ಅಮೆರಿಕ ತಂಡದಲ್ಲೇ ಚಿಕ್ಕವಳು. 800 ಫೈನಲ್‌ನಲ್ಲಿ ಎಲ್ಲರ ಕಣ್ಣು ಇದ್ದಿದ್ದು ಬ್ರಿಟನ್ನಿನ ರೆಬೆಕಾ ಆಡ್ಲಿಂಗ್ಟನ್ ಮೇಲೆ, ಬೀಜಿಂಗ್ ಚಾಂಪಿಯನ್, ವರ್ಲ್ಡ್ ರೆಕಾರ್ಡ್ ಅವಳದ್ದೇ, ಜೊತೆಗೆ ತವರಿನ ಪೂಲು. ಈ ಹುಡುಗಿ ಮೊದಲ ಲ್ಯಾಪಿಂದ್ಲೇ ಕಿತ್ಕೊಂಡು ಹೋದ್ಲು, ನೋಡ್ತಿದ್ದವ್ರೆಲ್ಲ ಇನ್ನೇನು ಸುಸ್ತಾಗ್ತಾಳೆ ಅಂತ ಕಾಯ್ತಾ ಇದ್ರು, ಸುಸ್ತಾಗ್ಲೇ ಇಲ್ಲ. 8 ನಿಮಿಷ 14.63 ಸೆಕೆಂಡ್. ಎರಡನೇ ಸ್ಥಾನಕ್ಕೆ ಬಂದ ಸ್ಪೇನಿನ ಮಿರೇಯಾ ಬೆಲ್ಮೊಂಟೆ ನಾಲ್ಕು ಸೆಕೆಂಡಿಗೂ ಹೆಚ್ಚು ಹಿಂದೆ. ವರ್ಲ್ಡ್ ರೆಕಾರ್ಡ್ ಅರ್ಧ ಸೆಕೆಂಡಲ್ಲಿ ತಪ್ಪಿತು, ಮುಂದಿನ ವರ್ಷ ಬಾರ್ಸಿಲೋನಾ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಅದನ್ನೂ ತಗೊಂಡ್ಲು.

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ಎರಡು ವರ್ಷದಿಂದ ಈಜ್ತಾಳೆ, ಜಿಲ್ಲಾ ಮಟ್ಟದಲ್ಲಿ ಮೆಡಲ್ ಬಂದಿದೆ. ಈಗ ಕೋಚ್ ಬೆಳಗ್ಗೆ ಸಂಜೆ ಎರಡೂ ಹೊತ್ತು ಬರ್ಬೇಕು, ಭರತನಾಟ್ಯ ಬಿಡಿಸಿ ಅಂತಿದಾರೆ. ಮನೆಯವ್ರು ಬೇಡ ಅಂತಾರೆ. ಚಿಕ್ಕ ವಯಸ್ಸಲ್ಲೇ ಒತ್ತಡ ಹಾಕಿದ್ರೆ ತಾನೇ ಲೆಡೆಕಿ ಥರ ಆಗೋದು? (ಒಬ್ಬ ತಾಯಿ, ದಾವಣಗೆರೆ)

ಮೇಡಂ, ನಿಮ್ಮ ಪ್ರಶ್ನೆಯ ಕೊನೆ ಸಾಲು ಇದೆಯಲ್ಲ, ಅದನ್ನ ನಾನು ಒಪ್ಪಲ್ಲ. ಲೆಡೆಕಿ ಆ ವಯಸ್ಸಲ್ಲಿ ಬಾಸ್ಕೆಟ್‌ಬಾಲ್ ಕೂಡ ಆಡ್ಕೊಂಡಿದ್ಲು, ಶಾಲೆಗೂ ಎಲ್ಲರ ಥರಾನೇ ಹೋಗ್ತಿದ್ಲು. ಅವಳಿಗೆ ಇದ್ದ ಒಂದು ಅಭ್ಯಾಸ ಹೇಳ್ತೀನಿ, ಯಾವ ರೇಸಲ್ಲಿ ಎಷ್ಟು ಟೈಮ್ ಬೇಕು ಅಂತ ತಾನೇ ಒಂದು ಕಾಗದದಲ್ಲಿ ಬರ್ಕೊಳ್ತಿದ್ಲು. ಯಾರನ್ನ ಸೋಲಿಸಬೇಕು ಅಂತ ಬರ್ಕೊಳ್ತಿರ್ಲಿಲ್ಲ, ಎಷ್ಟು ಸೆಕೆಂಡಲ್ಲಿ ಮುಗಿಸ್ಬೇಕು ಅಂತ. ಆ ಅಂಕಿ ಅಪ್ಪ ಅಮ್ಮ ಬರೆದುಕೊಟ್ಟಿದ್ದಲ್ಲ ಅನ್ನೋದು ಇಲ್ಲಿ ಮುಖ್ಯ. ನಿಮ್ಮ ಮಗಳಿಗೆ ತನ್ನ 50 ಮೀಟರ್ ಟೈಮ್ ಎಷ್ಟು ಅಂತ ಬಾಯಲ್ಲಿದೆಯಾ, ಅದನ್ನ ಕಮ್ಮಿ ಮಾಡ್ಬೇಕು ಅಂತ ಅವಳಿಗೇ ಅನ್ಸತ್ತಾ, ಅದನ್ನ ಮೊದಲು ನೋಡಿ.

ಇನ್ನೊಂದು ಹುಡುಗಿ ಕಥೆ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. ಲೆಡೆಕಿ ಹುಟ್ಟಿದ ಎರಡೇ ದಿನಕ್ಕೆ, ಅಂದ್ರೆ 1997ರ ಮಾರ್ಚ್ 19ಕ್ಕೆ, ಲಿಥುವೇನಿಯಾದ ಕೌನಸ್‌ನಲ್ಲಿ ರೂಟಾ ಮೈಲುಟಿಟೆ ಹುಟ್ಟಿದ್ಲು. ನಾಲ್ಕು ವರ್ಷದವಳಿದ್ದಾಗ ಅಮ್ಮ ಅಪಘಾತದಲ್ಲಿ ತೀರಿಕೊಂಡ್ರು, ಆಮೇಲೆ ಅಪ್ಪನ ಜೊತೆ ಇಂಗ್ಲೆಂಡಿನ ಪ್ಲಿಮತ್‌ಗೆ ಬಂದು ಅಲ್ಲೇ ತರಬೇತಿ ತಗೊಂಡ್ಲು. ಅದೇ ಲಂಡನ್ ಒಲಿಂಪಿಕ್ಸು, ಅದೇ 15 ವರ್ಷ, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚಿನ್ನ. ಮರು ವರ್ಷ ವರ್ಲ್ಡ್ ರೆಕಾರ್ಡು. ಆಗ ಇಬ್ಬರಲ್ಲಿ ಯಾರು ಮುಂದೆ ಹೋಗ್ತಾರೆ ಅಂತ ಕೇಳಿದ್ರೆ ಯಾರೂ ಧೈರ್ಯವಾಗಿ ಹೇಳೋಕೆ ಆಗ್ತಿರ್ಲಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಲೆಡೆಕಿ ನಾಲ್ಕು ಚಿನ್ನ ಒಂದು ಬೆಳ್ಳಿ ಗೆದ್ದರೆ ರೂಟಾ ಏಳನೇ ಸ್ಥಾನ. 2019ರಲ್ಲಿ, 22ನೇ ವಯಸ್ಸಿಗೇ, ಸಾಕು ಅಂತ ಬಿಟ್ಟೇಬಿಟ್ಲು. ಡೋಪಿಂಗ್ ಟೆಸ್ಟ್ ಮಾಡೋರಿಗೆ ಎಲ್ಲಿದ್ದೀನಿ ಅಂತ ಸರಿಯಾಗಿ ತಿಳಿಸ್ದೆ ಮೂರು ಸಲ ತಪ್ಪಿದ್ದಕ್ಕೆ ಎರಡು ವರ್ಷ ನಿಷೇಧ ಬೇರೆ. ಖಿನ್ನತೆ ಬಗ್ಗೆ ಆಕೆಯೇ ಆಮೇಲೆ ಮಾತಾಡಿದ್ದಾಳೆ. ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ, 2022ರಲ್ಲಿ ವಾಪಸ್ ಬಂದು ಬುಡಾಪೆಸ್ಟ್ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ 50 ಮೀಟರ್ ಚಿನ್ನ, ಮರುವರ್ಷ ಫುಕುವೋಕಾದಲ್ಲಿ ಎರಡು ಚಿನ್ನ ಜೊತೆಗೆ 50ರ ವರ್ಲ್ಡ್ ರೆಕಾರ್ಡ್!

ಇಬ್ಬರೂ ಚಿಕ್ಕ ವಯಸ್ಸಲ್ಲೇ ಶುರು ಮಾಡಿದ್ರು, ಇಬ್ಬರೂ 15ಕ್ಕೆ ಚಿನ್ನ ಗೆದ್ರು. ಹಾಗಾಗಿ ಬೇಗ ಶುರು ಮಾಡಿದ್ದೇ ಗುಟ್ಟು ಅನ್ನೋ ಹಾಗಿಲ್ಲ. ಗೆದ್ದ ಮಾರನೇ ದಿನದಿಂದ ಏನಾಗತ್ತೆ, ಸುತ್ತ ಯಾರಿರ್ತಾರೆ, ಬೇಜಾರಾದಾಗ ಬೇಜಾರಾಗಿದೆ ಅಂತ ಹೇಳೋಕೆ ಜಾಗ ಇದೆಯಾ, ನನಗೆ ಅದು ದೊಡ್ಡದು ಅನ್ಸತ್ತೆ. ಲೆಡೆಕಿಗೆ ಒಂದು ಏಣಿ ಇತ್ತು, ಬಡಾವಣೆ ಕ್ಲಬ್, ಆಮೇಲೆ ನೇಷನ್ಸ್ ಕ್ಯಾಪಿಟಲ್ ಕ್ಲಬ್, ಆಮೇಲೆ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ, ಅಲ್ಲಿ ಸೈಕಾಲಜಿ ಡಿಗ್ರೀನೂ ಆಯ್ತು ಈಜೂ ಆಯ್ತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಬಂತು ಅಂದ್ರೆ ಎಷ್ಟೋ ಮಕ್ಕಳು ಪೂಲ್ ಬಿಟ್ಟಂಗೇ ಲೆಕ್ಕ. 9 ವರ್ಷಕ್ಕೆ ಎರಡು ಹೊತ್ತು ಈಜಿಸಿ 15ಕ್ಕೆ ಟ್ಯೂಷನ್ ನೆಪದಲ್ಲಿ ನಿಲ್ಲಿಸೋದಾದ್ರೆ ಈ ಆರು ವರ್ಷ ಯಾಕೆ? ನನ್ನ ಕೇಳಿದ್ರೆ ಸದ್ಯಕ್ಕೆ ಒಂದೇ ಹೊತ್ತು ಸಾಕು, ಭರತನಾಟ್ಯ ಇರ್ಲಿ, 12 ದಾಟಿದ ಮೇಲೆ ಅವಳೇ ಬೆಳಗ್ಗೆ ಅಲಾರಂ ಇಟ್ಕೊಂಡು ಏಳ್ತಾಳಾ ನೋಡಿ. ಕೋಚ್‌ಗೂ ಇದನ್ನ ನೇರವಾಗಿ ಹೇಳಿ, ಒಳ್ಳೆ ಕೋಚ್ ಆದ್ರೆ ಅರ್ಥ ಮಾಡ್ಕೋತಾರೆ. ಭುಜ ನೋವು ಅಂದ್ರೆ ಮಾತ್ರ ಸುಮ್ನೆ ಬಿಡ್ಬೇಡಿ, ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ: ಲೆಡೆಕಿ ಬಗ್ಗೆ ಓದುವಾಗ "565" ಅಂತ ಒಂದು ನಂಬರ್ ಕಾಣ್ಸತ್ತೆ. ಏನದು? (ಮೈಸೂರು)

ಅದು ಪುಲ್ ಬಾಯ್ ಮೇಲೆ ಬರೆದಿದ್ದ ಗುರಿ. ಪುಲ್ ಬಾಯ್ ಅಂದ್ರೆ ತೊಡೆ ಮಧ್ಯೆ ಸಿಕ್ಕಿಸ್ಕೊಂಡು ಬರೀ ಕೈಯಲ್ಲಿ ಈಜೋಕೆ ಬಳಸೋ ಸ್ಪಂಜಿನ ತುಂಡು. ರಿಯೋಗೆ ಮೊದಲು ಕೋಚ್ ಬ್ರೂಸ್ ಗೆಮೆಲ್ ಮತ್ತು ಆಕೆ ಸೇರಿ ಇಟ್ಕೊಂಡ ಗುರಿ, 400 ಮೀಟರ್‌ಗೆ 3 ನಿಮಿಷ 56, ಅದರಿಂದ 56, 800ಕ್ಕೆ 8 ನಿಮಿಷ 05, ಅದರಿಂದ 5. ಹೊರಗಿನವ್ರಿಗೆ ಗೊತ್ತಾಗ್ಬಾರ್ದು ಅಂತ ಈ ಕೋಡು. 2016ರ ರಿಯೋದಲ್ಲಿ 400ರಲ್ಲಿ 3:56.46, 800ರಲ್ಲಿ 8:04.79. ಎರಡೂ ವರ್ಲ್ಡ್ ರೆಕಾರ್ಡು. ಮೂರು ವರ್ಷ ಮುಂಚೆ ಹಾಕಿದ ಲೆಕ್ಕ ಸೆಕೆಂಡಿಗೆ ಸೆಕೆಂಡ್ ಕೂಡಿಬಂತಲ್ಲ, ನನಗೆ ಮೆಡಲ್‌ಗಿಂತ ಇದೇ ಮಜಾ ಅನ್ಸೋದು. 800ರಲ್ಲಿ ಎರಡನೇ ಸ್ಥಾನದವಳು 11 ಸೆಕೆಂಡಿಗೂ ಹೆಚ್ಚು ಹಿಂದಿದ್ಲು, ಟಿವಿಯಲ್ಲಿ ಒಬ್ಬಳೇ ಈಜ್ತಿದ್ದಂಗೆ ಕಾಣ್ತಿತ್ತು.

ಪ್ರಶ್ನೆ: ತಲೆ ಮೇಲೆ ಹಾಲಿನ ಲೋಟ ಇಟ್ಕೊಂಡು ಈಜೋ ವಿಡಿಯೋ ನಿಜಾನಾ? (ಶಿವಮೊಗ್ಗ)

ನಿಜ. 2020ರದ್ದು, ಚಾಕೊಲೇಟ್ ಹಾಲು, ಒಂದು ಹನಿನೂ ಚೆಲ್ಲಿದಂಗೆ ಕಾಣಲ್ಲ. ಹಾಲಿನ ಜಾಹೀರಾತಿಗೆ ಮಾಡಿದ್ದು ಅನ್ನೋದೂ ನಿಜ.

ಪ್ರಶ್ನೆ: ಬರೀ ಗೆಲುವೇ ಹೇಳ್ತೀರಾ, ಈಕೆ ಸೋತಿದ್ದೇ ಇಲ್ವಾ? (ನಿವೃತ್ತ ದೈಹಿಕ ಶಿಕ್ಷಕರು, ಧಾರವಾಡ)

ಸೋತಿದ್ದಾಳೆ ಸರ್, ಚೆನ್ನಾಗೇ ಸೋತಿದ್ದಾಳೆ. ನೀವು ಪಿಟಿ ಮೇಷ್ಟ್ರು ಅಂತ ಈ ಒಂದು ದಿನದ ಬಗ್ಗೆ ವಿವರವಾಗಿ ಬರೀತೀನಿ. ಟೋಕಿಯೋ, 2021ರ ಜುಲೈ 28. ಅದಕ್ಕೆ ಎರಡು ದಿನ ಮೊದಲು 400ರಲ್ಲಿ ಆಸ್ಟ್ರೇಲಿಯಾದ ಆರಿಯಾರ್ನ್ ಟಿಟ್ಮಸ್ ಕೊನೆ ಲ್ಯಾಪುಗಳಲ್ಲಿ ಹಿಂದಿಕ್ಕಿ ಚಿನ್ನ ಕಿತ್ಕೊಂಡಿದ್ಲು, ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ರೇಸಲ್ಲಿ ಲೆಡೆಕಿಗೆ ಅದು ಮೊದಲ ಸೋಲು. 28ರ ಬೆಳಗ್ಗೆ 200 ಮೀಟರ್ ಫೈನಲ್, ಅಲ್ಲೂ ಟಿಟ್ಮಸ್ ಗೆದ್ಲು, ಲೆಡೆಕಿ ಐದನೇ ಸ್ಥಾನ. ಒಲಿಂಪಿಕ್ಸ್ ಫೈನಲ್‌ನಲ್ಲಿ ಮೆಡಲ್ ಇಲ್ಲದೆ ನೀರಿಂದ ಎದ್ದಿದ್ದು ಅದೇ ಮೊದಲು. ಆದ್ರೆ ಕೂತು ಅಳೋಕೆ ಟೈಮಿಲ್ಲ, ಒಂದು ಗಂಟೆ ಸುಮಾರಿಗೆ 1500 ಮೀಟರ್ ಫೈನಲ್ ಇದೆ, 30 ಲ್ಯಾಪ್. ಇಳಿದ್ಲು, 15 ನಿಮಿಷ 37 ಸೆಕೆಂಡ್ ಈಜಿದ್ಲು, ಗೆದ್ಲು.

ಆ 1500ರ ಹಿಂದೆ ಒಂದು ಅನ್ಯಾಯದ ಕಥೆ ಇದೆ, ಅದನ್ನ ಹೇಳ್ದೆ ಇರೋಕಾಗಲ್ಲ. ಗಂಡಸರಿಗೆ 1908ರಿಂದ ಒಲಿಂಪಿಕ್ಸ್‌ನಲ್ಲಿ 1500 ಇದೆ, ಹೆಂಗಸ್ರಿಗೆ 800ಕ್ಕೇ ನಿಲ್ಲಿಸಿದ್ರು, ಅದೂ 1968ರಲ್ಲಿ ಬಂತು. ಲೆಡೆಕಿ 2013ರಿಂದ 1500ರ ವರ್ಲ್ಡ್ ರೆಕಾರ್ಡ್ ಇಟ್ಕೊಂಡು ವರ್ಲ್ಡ್ ಚಾಂಪಿಯನ್ ಆಗ್ತಾ ಇದ್ರೂ ರಿಯೋದಲ್ಲಿ ಆ ರೇಸೇ ಇರ್ಲಿಲ್ಲ. ಟೋಕಿಯೋದಲ್ಲಿ ಸೇರಿಸಿದ್ಮೇಲೆ ಮೊದಲ ಚಿನ್ನ ಇವಳದ್ದು. ಆಕೆಯ ಮೆಡಲ್ ಲೆಕ್ಕ ಹಾಕೋರು ಈ ಒಂದು ರೇಸ್ ಎರಡು ಒಲಿಂಪಿಕ್ಸ್ ತಡವಾಗಿ ಬಂತು ಅನ್ನೋದನ್ನ ಮರೆತುಬಿಡ್ತಾರೆ.

ಅದಾದ ಮೇಲೆ ಏನ್ಮಾಡಿದ್ಲು ಅಂದ್ರೆ ಊರೇ ಬದಲಾಯಿಸಿದ್ಲು. ಕ್ಯಾಲಿಫೋರ್ನಿಯಾ ಬಿಟ್ಟು ಫ್ಲೋರಿಡಾದ ಗೇನ್ಸ್‌ವಿಲ್, ಅಲ್ಲಿ ಕೋಚ್ ಆಂಥನಿ ನೆಸ್ಟಿ. ಸುರಿನಾಮ್ ಅನ್ನೋ ಪುಟ್ಟ ದೇಶದವರು, 1988ರಲ್ಲಿ 100 ಬಟರ್‌ಫ್ಲೈನಲ್ಲಿ 0.01 ಸೆಕೆಂಡಿಂದ ಚಿನ್ನ ಗೆದ್ದವರು. ಅವರ ಗುಂಪಲ್ಲಿ ಒಲಿಂಪಿಕ್ಸ್ ಚಾಂಪಿಯನ್ ಬಾಬಿ ಫಿಂಕ್ ಥರದ ಗಂಡುಹುಡುಗರ ಜೊತೆ ದಿನಾ ಈಜೋದು. 2024ರ ಪ್ಯಾರಿಸ್‌ನಲ್ಲಿ 1500 ಮತ್ತೆ ಚಿನ್ನ, 800 ಸತತ ನಾಲ್ಕನೇ ಒಲಿಂಪಿಕ್ಸ್ ಚಿನ್ನ. ಒಂದೇ ರೇಸನ್ನ ನಾಲ್ಕು ಒಲಿಂಪಿಕ್ಸ್‌ನಲ್ಲಿ ಗೆದ್ದ ಈಜುಗಾರರು ಇಬ್ಬರೇ, ಇನ್ನೊಬ್ಬ ಮೈಕಲ್ ಫೆಲ್ಪ್ಸ್. ಒಟ್ಟು 14 ಮೆಡಲ್, ಅದ್ರಲ್ಲಿ 9 ಚಿನ್ನ. ಇದೆಲ್ಲದರ ನಡುವೆ ಪಾಟ್ಸ್ ಅನ್ನೋ ತೊಂದ್ರೆ ಬೇರೆ ಇದೆ, ಎದ್ದು ನಿಂತಾಗ ಹೃದಯಬಡಿತ ಸಿಕ್ಕಾಪಟ್ಟೆ ಏರಿ ತಲೆ ಸುತ್ತೋದು. 2015ರಿಂದ ಇದ್ರೂ ಬಾಯಿಬಿಟ್ಟಿದ್ದು 2024ರಲ್ಲಿ.

ಪ್ರಶ್ನೆ: ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಘು ಕೂಡ 14ಕ್ಕೇ ಒಲಿಂಪಿಕ್ಸ್‌ಗೆ ಹೋದ್ಲಲ್ಲ, ಲೆಡೆಕಿ ಜೊತೆ ಹೋಲಿಸಬಹುದಾ? (ಜಯನಗರ, ಬೆಂಗಳೂರು)

ಹೋಲಿಸ್ಬೇಡಿ ಅಂತೀನಿ, ಹುಡುಗಿ ಪಾಪ. ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲೇ ಅತಿ ಚಿಕ್ಕವಳು ಅವಳು, 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ಹೀಟ್ (ಮೊದಲ ಸುತ್ತಿನ ಒಂದು ರೇಸ್) ಗೆದ್ಲು, 2 ನಿಮಿಷ 06.96 ಸೆಕೆಂಡ್, ಒಟ್ಟಾರೆ 23ನೇ ಸ್ಥಾನ, ಸೆಮಿಫೈನಲ್‌ಗೆ ಸಾಲಲಿಲ್ಲ. ಹೋಗಿದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ, ಅಂದ್ರೆ ನೇರ ಅರ್ಹತಾ ಟೈಮ್ ತಲುಪಿದವರಿಲ್ಲದ ದೇಶಗಳಿಗೆ ಕೊಡೋ ಸೀಟು. ಲೆಡೆಕಿ ಹೋಗಿದ್ದು ಒಮಾಹಾದಲ್ಲಿ ನಡೆದ ಆಯ್ಕೆ ಟ್ರಯಲ್ಸ್‌ನಲ್ಲಿ ಅಮೆರಿಕದ ಅಷ್ಟೂ ಜನರನ್ನ ಸೋಲಿಸಿ. ಇದು ಧಿನಿಧಿಯನ್ನ ಕಡಿಮೆ ಮಾಡೋ ಮಾತಲ್ಲ, 2023ರ ಗೋವಾ ನ್ಯಾಷನಲ್ ಗೇಮ್ಸ್‌ನಲ್ಲಿ 13 ವರ್ಷದವಳು ಏಳು ಚಿನ್ನ ತಂದಿದ್ದು ತಮಾಷೆನಾ? ಲೆಡೆಕಿ ಅವಳ ಮೆಚ್ಚಿನ ಈಜುಗಾರ್ತಿ ಅಂತ ಅವಳೇ ಹೇಳ್ಕೊಂಡಿದ್ದಾಳೆ. ಇನ್ನು ಚಿಕ್ಕ ವಯಸ್ಸು ಅಂದ್ರೆ ಭಾರತದ ದಾಖಲೆ ಕಲ್ಕತ್ತದ ಆರತಿ ಸಾಹಾ ಹೆಸರಲ್ಲಿದೆ, 1952ರ ಹೆಲ್ಸಿಂಕಿಗೆ ಹೋದಾಗ 11 ವರ್ಷ. ಏಳು ವರ್ಷ ಆದ್ಮೇಲೆ ಇಂಗ್ಲಿಷ್ ಕಾಲುವೆ ದಾಟಿದ್ದೂ ಆಕೆಯೇ.

ಪ್ರಶ್ನೆ: ಇನ್ನೆಷ್ಟು ದಿನ ಈಜ್ತಾಳೆ? (ಬಳ್ಳಾರಿ)

2028ರ ಲಾಸ್ ಏಂಜಲೀಸ್‌ವರೆಗೆ ಈಜೋ ಆಸೆ ಇದೆ ಅಂದಿದ್ದಾಳೆ, ಆಗ 31. ಮುದುಕಿ ಆದ್ಲು ಅಂದ್ಕೊಂಡವ್ರಿಗೆ 2025ರ ಮೇನಲ್ಲಿ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಉತ್ತರ ಸಿಕ್ತು, ರಿಯೋದ ಆ 8:04.79 ಇತ್ತಲ್ಲ, ಒಂಬತ್ತು ವರ್ಷ ಆದ್ಮೇಲೆ ತಾನೇ ಅದನ್ನ 8:04.12ಕ್ಕೆ ಇಳಿಸಿದ್ಲು. ಆದ್ರೆ ಕೆನಡಾದ ಸಮ್ಮರ್ ಮ್ಯಾಕಿಂಟಾಶ್ ಬೆನ್ನ ಹಿಂದೆನೇ ಇದ್ದಾಳೆ. ಅವಳೂ 14ಕ್ಕೇ ಟೋಕಿಯೋಗೆ ಬಂದವಳು, ಪ್ಯಾರಿಸ್‌ನಲ್ಲಿ 17ಕ್ಕೆ ಮೂರು ಚಿನ್ನ, 2024ರ ಫೆಬ್ರವರಿಯಲ್ಲಿ ಒರ್ಲಾಂಡೋದಲ್ಲಿ ಲೆಡೆಕಿಯನ್ನ 800ರಲ್ಲಿ ಸೋಲಿಸಿಯೂ ಬಿಟ್ಟಳು. 2025ರ ಸಿಂಗಾಪುರ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಲೆಡೆಕಿ ಅದಕ್ಕೆ ಲೆಕ್ಕ ಚುಕ್ತಾ ಮಾಡಿದ್ಲು, 8:05.62, ಮ್ಯಾಕಿಂಟಾಶ್‌ಗೆ ಕಂಚು. ಅದೇ ಕೂಟದಲ್ಲಿ ಚೀನಾದ ಯು ಝಿಡಿ ಅನ್ನೋ 12 ವರ್ಷದ ಹುಡುಗಿ ಮೂರು ವೈಯಕ್ತಿಕ ರೇಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ್ಲು, ಅವಳ ಬಗ್ಗೆ ಕೇಳಿದವ್ರಿಗೆ ಮುಂದಿನ ತಿಂಗಳು.